ಚೌಕದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಿದ್ದು ಬೆಳಗಿನ ಪ್ರಾರ್ಥನೆ ಮುಗಿದ ಹೊತ್ತಿಗೆ, ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ. ಆಷಾಢದ ಮಳೆ ಹನಿಯುತ್ತಿತ್ತು. ಎರಡನೇ ಪೀರಿಯಡ್ಡು ನನಗೆ ಎಂಟನೇ ಕ್ಲಾಸಿಗೆ ಡ್ರಾಯಿಂಗ್. ರಜೆ ಹಾಕಿ ಹೊರಡೋಣ ಅಂದುಕೊಂಡವನು ಯಾಕೋ ಕ್ಲಾಸಿಗೇ ಹೋದೆ. ಎಲ್ಲರ ಕೈಗೂ ಒಂದೊಂದು ಹಳೆಯ ನ್ಯೂಸ್ ಪೇಪರ್ ಕೊಟ್ಟೆ. "ಕತ್ತರಿ ಬೇಡ, ಅಂಟು ಬೇಡ. ಬರೀ ಕೈಯಲ್ಲಿ ಇದನ್ನ ಏನಾದ್ರೂ ಮಾಡಿ" ಅಂದೆ. ಮೂವತ್ತು ವರ್ಷದ ಹಿಂದೆ ಮೇಷ್ಟ್ರು ಮೊದಲ ದಿನ ನಮಗೆ ಹೇಳಿದ್ದು ಇದೇ ಮಾತು.

ಅವತ್ತು ನಾವು ಹದಿನೆಂಟು ಜನ. ದೋಣಿ ಮಾಡಿದೆವು, ವಿಮಾನ ಮಾಡಿದೆವು. ನಾನು ಗೋಪುರ ಮಾಡಿದೆ, ಚೆನ್ನಾಗೇ ಬಂದಿತ್ತು. ಮೇಷ್ಟ್ರು ಒಂದು ಸುತ್ತು ನೋಡಿಕೊಂಡು ಬಂದರು. "ಗೋಪುರ ಕಲ್ಲಲ್ಲಿ ಚೆನ್ನ. ದೋಣಿ ಮರದಲ್ಲಿ ಚೆನ್ನ. ಪೇಪರಿಗೆ ಮಾತ್ರ ಬರೋ ಕೆಲಸ ಯಾವುದು, ಹೇಳಿ?" ಯಾರೂ ಉಸಿರೆತ್ತಲಿಲ್ಲ. ಅವರೊಂದು ಹಾಳೆ ತಗೊಂಡು ಉದ್ದಕ್ಕೆ ಮಡಚಿ ಮೇಜಿನ ಮೇಲೆ ನಿಲ್ಲಿಸಿದರು. ಅಷ್ಟೇ. "ಮಲಗಿದ್ದಾಗ ಒಂದು ಮುಖ ಕಾಣ್ತಿತ್ತು, ಈಗ ಎರಡೂ ಕಾಣುತ್ತೆ, ಅಲ್ವಾ?" ಆಮೇಲೆ ಕಥೆ ಹೇಳಿದರು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಯೋಸೆಫ್ ಆಲ್ಬರ್ಸ್ ಅನ್ನೋ ಮೇಷ್ಟ್ರು ಹೊಸ ಹುಡುಗರಿಗೆ ಹೀಗೇ ಪೇಪರ್ ಹಂಚಿ ಹೊರಗೆ ಹೋದರಂತೆ, ವಾಪಸ್ ಬಂದವರು ಕೋಟೆ, ವಿಮಾನಗಳನ್ನೆಲ್ಲ ಬಿಟ್ಟು, ಸುಮ್ನೆ ಮಡಚಿ ನಿಲ್ಲಿಸಿದ್ದ ಒಂದು ಹಾಳೆಯನ್ನ ಮೆಚ್ಚಿಕೊಂಡರಂತೆ.

ನಮ್ಮ ಸಿಲಬಸ್ಸಿನಲ್ಲಿ ಏನೇನಿತ್ತು ಅಂತ ಇವತ್ತು ಕೇಳಿದರೆ ನನಗೆ ನೆನಪಿಲ್ಲ. ಆಲ್ಬರ್ಸ್ ಕಥೆ ಮಾತ್ರ ಹುಟ್ಟಿದ ತಾರೀಖಿನ ಸಮೇತ ತಲೆಯಲ್ಲಿದೆ. ಪಾಠ ಎಲ್ಲಿಂದ ಶುರುವಾದರೂ ಮೇಷ್ಟ್ರು ಆಲ್ಬರ್ಸ್ ಬರೆದ ಚೌಕಗಳಿಗೇ ಬಂದು ನಿಲ್ಲುತ್ತಿದ್ದರು. ಹಾಗಾಗಿ ನಮಗೆಲ್ಲ ಅವರು ಚೌಕದ ಮೇಷ್ಟ್ರು.

ಅಷ್ಟು ಪ್ರೀತಿ ಯಾಕೆ ಅಂತ ನನಗೆ ತಡವಾಗಿ ಗೊತ್ತಾಯಿತು. ಮೇಷ್ಟ್ರು ಕಾಲೇಜಿಗೆ ಬರೋಕೆ ಮುಂಚೆ ಹಳ್ಳಿಯೊಂದರ ಪ್ರೈಮರಿ ಶಾಲೆಯಲ್ಲಿದ್ದರು. ಆಲ್ಬರ್ಸ್ ಕೂಡ ಹಾಗೇ. 1888ರ ಮಾರ್ಚ್ 19ರಂದು ರೂರ್ ಸೀಮೆಯ ಬೊಟ್ರೋಪ್ ಅನ್ನೋ ಕಲ್ಲಿದ್ದಲು ಗಣಿಯ ಊರಲ್ಲಿ ಹುಟ್ಟಿದವರು. ಅಪ್ಪ ಮನೆಗಳಿಗೆ ಬಣ್ಣ ಬಳಿಯೋರು. ಬಾಗಿಲಿಗೆ ಬಣ್ಣ ಹಚ್ಚೋವಾಗ ನಡುವಿನಿಂದ ಶುರು ಮಾಡಿ ಅಂಚಿಗೆ ಬಾ, ಆಗ ಸೋರಿದ್ದೂ ಕೈಗೆ ಸಿಗುತ್ತೆ, ಅಂಗಿಯ ತೋಳಿಗೂ ಮೆತ್ತಲ್ಲ ಅಂತ ಅಪ್ಪ ಕಲಿಸಿದ್ದನ್ನ ಮಗ ಮುಪ್ಪಿನಲ್ಲಿ ಚೌಕ ಬರೆಯುವಾಗಲೂ ಬಿಡಲಿಲ್ಲ. 1908ರಿಂದ ಐದು ವರ್ಷ ಆ ಸೀಮೆಯಲ್ಲೇ ಪ್ರೈಮರಿ ಮೇಷ್ಟ್ರು. ಆಮೇಲೆ ಬರ್ಲಿನ್ನಿಗೆ ಹೋಗಿ 1915ರಲ್ಲಿ ಡ್ರಾಯಿಂಗ್ ಮೇಷ್ಟ್ರ ಪರೀಕ್ಷೆ ಪಾಸು ಮಾಡಿ ಮತ್ತೆ ಊರಿಗೇ ಬಂದರು. 1920ರಲ್ಲಿ, 32ನೇ ವಯಸ್ಸಿನಲ್ಲಿ, ಕಲಿತಿದ್ದನ್ನೆಲ್ಲ ಬದಿಗಿಟ್ಟು ವೈಮಾರ್‌ನ ಬೌಹೌಸ್‌ಗೆ ಹೊಸ ವಿದ್ಯಾರ್ಥಿಯಾಗಿ ಸೇರಿದರು. ಪಾಠ ಮಾಡುತ್ತಿದ್ದವರು ಮತ್ತೆ ಹುಡುಗರ ಜೊತೆ ಬೆಂಚಿನ ಮೇಲೆ ಕೂರೋದು ಸುಲಭವಾ? ಕಥೆ ಇಲ್ಲಿಗೆ ಬಂದಾಗ ಮೇಷ್ಟ್ರು ಒಂದು ನಿಮಿಷ ಮಾತು ನಿಲ್ಲಿಸುತ್ತಿದ್ದರು.

ಈಗ ಪೋಸ್ಟರ್ ಕಥೆ. ಇದನ್ನ ಬರೆಯದಿದ್ದರೆ ನಮ್ಮ ಬ್ಯಾಚಿನವರು ನನ್ನನ್ನ ಬಿಡಲ್ಲ.

ಬಣ್ಣದ ಕ್ಲಾಸಲ್ಲಿ ಮೇಷ್ಟ್ರು ಬ್ರಷ್ ಮುಟ್ಟಲು ಬಿಡುತ್ತಿರಲಿಲ್ಲ. ಎಲ್ಲ ಬಣ್ಣದ ಹಾಳೆಯಲ್ಲೇ. ಬಣ್ಣ ಕಲೆಸಿದರೆ ಎರಡನೇ ಸಲ ಅದೇ ಬಣ್ಣ ಬರೋದು ಕಷ್ಟ, ಹಾಳೆಯಾದರೆ ಎಷ್ಟು ಸಲ ಬೇಕಾದರೂ ಇಟ್ಟು ತೆಗೆದು ನೋಡಬಹುದು, ಆಲ್ಬರ್ಸ್ ಹಾಳೆ ಹಿಡಿದಿದ್ದೂ ಅದಕ್ಕೇ ಅಂತಿದ್ದರು. ಆದರೆ ನಮ್ಮೂರ ಅಂಗಡಿಯಲ್ಲಿ ಸಿಗುತ್ತಿದ್ದುದು ಆರೇಳು ಬಣ್ಣದ ಗ್ಲೇಜ್ ಪೇಪರ್. ಅದಕ್ಕೂ ನಮ್ಮ ಹತ್ತಿರ ದುಡ್ಡಿಲ್ಲ. ಒಂದು ರಾತ್ರಿ ಸೆಕೆಂಡ್ ಶೋ ಬಿಟ್ಟ ಮೇಲೆ ನಾನೂ ಇಬ್ಬರು ಹಾಸ್ಟೆಲ್ ಗೆಳೆಯರೂ ಬಸ್ ಸ್ಟ್ಯಾಂಡ್ ಹಿಂದಿನ ಟಾಕೀಸಿನ ಗೋಡೆಗೆ ಹೋದೆವು. ಒಂದು ಬಕೆಟ್ ನೀರು, ಹಾಸ್ಟೆಲ್ ಅಡುಗೆಮನೆಯ ದೋಸೆ ಮಗುಚೋ ಕೈ. ಮೈದಾ ಅಂಟು ನೆನೆದರೆ ಪೋಸ್ಟರ್ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತೆ. ಒಂದರ ಕೆಳಗೊಂದು ಹತ್ತು ಹದಿನೈದು ಪದರ. ಎಂಥೆಂಥ ಕೆಂಪು, ಎಂಥೆಂಥ ಹಳದಿ, ಬಿಸಿಲಿಗೆ ಮಾಸಿದ ನೀಲಿ! ಆಸೆ ಜಾಸ್ತಿಯಾಗಿ, ಮಾರನೇ ದಿನ ಬಿಡುಗಡೆಯಾಗಬೇಕಿದ್ದ ಸಿನಿಮಾದ ಹೊಸ ಪೋಸ್ಟರಿಗೂ ಕೈ ಹಾಕಿದೆವು. ಬೀಟ್ ಪೊಲೀಸಿನವರು ಬಂದರು. ಬೆಳಗಾಗೋ ತನಕ ಟಿಕೆಟ್ ಕೌಂಟರ್ ಮುಂದೆ ಕೂರಿಸಿದರು.

ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಟಾಕೀಸಿನವರಿಗೆ ಕೈಮುಗಿದು ಹೊಸ ಪೋಸ್ಟರಿನ ದುಡ್ಡು ತಾವೇ ಕೊಟ್ಟರು. ದಾರಿಯುದ್ದಕ್ಕೂ ಒಂದೂ ಮಾತಿಲ್ಲ. ಟಿಸಿ ಕೊಟ್ಟು ಕಳಿಸ್ತಾರೆ ಅಂತಲೇ ನಾವು ನಡೆಯುತ್ತಿದ್ದೆವು. ಕಾಲೇಜಿನ ಗೇಟ್ ಹತ್ತಿರ ಸೈಕಲ್ ನಿಲ್ಲಿಸಿ, "ಆಲ್ಬರ್ಸ್ ಹತ್ರಾನೂ ದುಡ್ಡಿರಲಿಲ್ಲ" ಅಂದರು. ವೈಮಾರ್‌ನಲ್ಲಿ ಬೆನ್ನಿಗೊಂದು ಚೀಲ, ಕೈಗೊಂದು ಸುತ್ತಿಗೆ ಹಿಡಿದು ಊರ ಕಸದ ಗುಡ್ಡೆಗೆ ಹೋಗಿ ಒಡೆದ ಬಾಟಲಿಯ ಗಾಜು ಆರಿಸಿ ತರುತ್ತಿದ್ದರಂತೆ. ಆ ಚೂರುಗಳನ್ನೇ ಜೋಡಿಸಿ ಬೆಳಕಿಗೆ ಹಿಡಿದು ನೋಡುವಂಥ ಚಿತ್ರ ಮಾಡಿದರು. ಗೋಡೆ ಚಿತ್ರ ಕಲಿ ಅಂತ ಶಾಲೆಯವರು ಹೇಳಿದರೂ ಕೇಳಲಿಲ್ಲ. ಕೊನೆಗೆ ಆ ಕೆಲಸ ನೋಡಿ ಶಾಲೆಯೇ ಗಾಜಿನ ವರ್ಕ್‌ಶಾಪನ್ನ ಅವರಿಗೆ ಒಪ್ಪಿಸಿತು. 1923ರಲ್ಲಿ ಶಾಲೆಯ ಮುಖ್ಯಸ್ಥ ವಾಲ್ಟರ್ ಗ್ರೋಪಿಯಸ್ ಆಲ್ಬರ್ಸ್ ಅವರನ್ನೇ ಹೊಸಬರಿಗೆ ಪಾಠ ಮಾಡಲು ಹಚ್ಚಿದರು, 1925ರಲ್ಲಿ ಶಾಲೆ ಡೆಸ್ಸಾವ್‌ಗೆ ಹೋದಾಗ ಪೂರ್ತಿ ಮೇಷ್ಟ್ರೇ ಆದರು. ಇಷ್ಟನ್ನೂ ಗೇಟಿನ ಹತ್ತಿರ ನಿಂತೇ ಹೇಳಿದರು. ಆಮೇಲೆ, "ಕಸ ಬಿಸಾಡಿದ್ದು. ಪೋಸ್ಟರ್ ಒಬ್ಬ ರಾತ್ರಿಯೆಲ್ಲ ನಿಂತು ಅಂಟಿಸಿದ್ದು. ಆ ವ್ಯತ್ಯಾಸ ಗೊತ್ತಿರಲಿ" ಅಂದರು. ನಮ್ಮ ತಲೆ ತಗ್ಗಿತು. ಸ್ವಲ್ಪ ಹೊತ್ತು ಬಿಟ್ಟು ಕೈ ಚಾಚಿದರು. "ಎಲ್ಲಿ, ಆ ಕೆಂಪು ತೋರಿಸಿ."

ಅವತ್ತೇ ಆ ಕೆಂಪನ್ನ ಎರಡು ತುಂಡು ಮಾಡಿ ಒಂದನ್ನ ಹಳದಿ ಹಾಳೆಯ ಮೇಲೆ, ಇನ್ನೊಂದನ್ನ ಕಡು ನೇರಳೆಯ ಮೇಲೆ ಇಟ್ಟರು. ಹಳದಿಯ ಮೇಲಿನದು ಕಪ್ಪಿಟ್ಟಿತು, ನೇರಳೆಯ ಮೇಲಿನದು ಬೆಳಗಿತು. ಕಣ್ಣೆದುರಿಗೇ ಕತ್ತರಿಸಿದ್ದು, ಆದರೂ ಒಂದೇ ಬಣ್ಣ ಅಂತ ನಂಬೋಕೆ ಆಗಲಿಲ್ಲ. ಬಣ್ಣದ ಸ್ವಭಾವ ತಿಳೀಬೇಕಾದ್ರೆ ಅದರ ಅಕ್ಕಪಕ್ಕದವರನ್ನ ವಿಚಾರಿಸು ಅಂತಿದ್ದರು ಮೇಷ್ಟ್ರು. ಆಲ್ಬರ್ಸ್ ತಮ್ಮ ಕ್ಲಾಸುಗಳಲ್ಲಿ ಮರದಿಂದ ಉದುರಿದ ಎಲೆಗಳನ್ನೂ ಹಾಳೆಗಳ ಜೊತೆ ಅಂಟಿಸಿ ಅಭ್ಯಾಸ ಮಾಡಿಸುತ್ತಿದ್ದರು. ನಮಗೆ ಕಾಲೇಜಿನ ಅಂಗಳದ ಬಾದಾಮಿ ಮರ ಇತ್ತು. ಅದರ ಒಂದೇ ಎಲೆಯಲ್ಲಿ ಹಸಿರು, ಅರಿಶಿನ, ರಕ್ತದ ಕೆಂಪು ಮೂರೂ ಇರುತ್ತೆ. ಮೇಷ್ಟ್ರ ಹತ್ತಿರ ಆಲ್ಬರ್ಸ್ ಬರೆದ 'ಇಂಟರಾಕ್ಷನ್ ಆಫ್ ಕಲರ್' ಪುಸ್ತಕದ ಚಿಕ್ಕ ಪ್ರತಿ ಇತ್ತು. 1963ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಮೊದಲು ತಂದಾಗ ಅದರ ಜೊತೆ ಸುಮಾರು 150 ಬಣ್ಣದ ಹಾಳೆಗಳಿದ್ದವು. ಚಿಕ್ಕ ಪ್ರತಿಯಲ್ಲಿ ಬಣ್ಣದ ಪುಟ ಕೆಲವೇ. ಉಳಿದಿದ್ದನ್ನ ನಾವು ಪೋಸ್ಟರ್ ಚೂರು, ಬಾದಾಮಿ ಎಲೆ, ಬೆಂಕಿಪೊಟ್ಟಣ, ಬೀಡಿ ಕಟ್ಟಿನ ಲೇಬಲ್ಲುಗಳಿಂದ ನಾವೇ ಮಾಡಿಕೊಂಡೆವು. ಪೂರ್ತಿ ಪುಸ್ತಕ ಸಿಕ್ಕಿದ್ದರೆ ಅಷ್ಟು ಕಲಿಯುತ್ತಿರಲಿಲ್ಲ.

1933ರಲ್ಲಿ ನಾಜಿಗಳ ಕಾಟಕ್ಕೆ ಬೌಹೌಸ್ ಮುಚ್ಚಿತು. ಆಲ್ಬರ್ಸ್ ಹೆಂಡತಿ ಆನಿ, ಮಗ್ಗದಲ್ಲಿ ದೊಡ್ಡ ಕಲಾವಿದೆ, ಯಹೂದಿ ಮನೆತನದವರು. ಇಬ್ಬರೂ ಅಮೆರಿಕಕ್ಕೆ ಹೋದರು, ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವೆ ಆಗಷ್ಟೇ ಶುರುವಾಗಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಏನು ಕಲಿಸ್ತೀರಿ ಅಂತ ಕೇಳಿದ್ದಕ್ಕೆ ಕಣ್ಣು ತೆರೆಸ್ತೀನಿ ಅಂದರಂತೆ. ಇದನ್ನ ಹೇಳುವಾಗ ಮೇಷ್ಟ್ರ ದನಿ ತಗ್ಗುತ್ತಿತ್ತು. ಅಲ್ಲಿ 1949ರ ತನಕ, ಆಮೇಲೆ 1950ರಿಂದ 1958ರ ತನಕ ಯೇಲ್‌ನಲ್ಲಿ. ರಾಬರ್ಟ್ ರಾಷೆನ್‌ಬರ್ಗ್, ಈವಾ ಹೆಸ್ಸೆಯಂಥ ಕಲಾವಿದರು ಆಲ್ಬರ್ಸ್ ಕೈಯಲ್ಲೇ ಕಲಿತವರು. ನನಗೆ ಎಲ್ಲರಿಗಿಂತ ಇಷ್ಟ ರೂತ್ ಅಸಾವಾ. ಜಪಾನಿ ಮೂಲದವರು ಅಂತ ಯುದ್ಧದ ಕಾಲದಲ್ಲಿ ಮನೆಯವರ ಜೊತೆ ಶಿಬಿರದಲ್ಲಿ ಕೂಡಿಹಾಕಿದ್ದರು, ಟೀಚರ್ ಟ್ರೈನಿಂಗ್ ಮುಗಿಸಲು ಬಿಡಲಿಲ್ಲ. ಆಕೆ 1946ರಲ್ಲಿ ಬ್ಲ್ಯಾಕ್ ಮೌಂಟನ್‌ಗೆ ಬಂದು ಆಲ್ಬರ್ಸ್ ಹತ್ತಿರ ಕಲಿತರು, ತಂತಿ ಹೆಣೆದು ಶಿಲ್ಪ ಮಾಡಿದರು, ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಮಕ್ಕಳ ಶಾಲೆಗಳಿಗೆ ಕಲೆಯನ್ನ ತರಲು ವರ್ಷಗಟ್ಟಲೆ ಓಡಾಡಿದರು.

ಅಂಥ ಓಡಾಟ ಈಗ ನಮ್ಮಲ್ಲೂ ಬೇಕು. ಎಷ್ಟೋ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಇದ್ದ ಕಡೆ ಪರೀಕ್ಷೆ ಹತ್ತಿರ ಬಂದರೆ ಆ ಪೀರಿಯಡ್ಡು ಗಣಿತಕ್ಕೆ ಹೋಗುತ್ತೆ. ಮಕ್ಕಳಿಗೆ ಅಚ್ಚು ಹಾಕಿದ ಗಿಳಿಯ ಚಿತ್ರ ಕೊಟ್ಟು ಗೆರೆ ದಾಟದ ಹಾಗೆ ಹಸಿರು ತುಂಬು ಅಂತಾರೆ. ಗಿಳಿ ಕಿಟಕಿಯ ಹೊರಗೇ ಇದೆ, ಯಾರೂ ಅದರ ಕಡೆ ನೋಡಲ್ಲ. ಯಾರನ್ನೂ ದೂರಲು ಇದನ್ನ ಬರೀತಿಲ್ಲ, ಹೊಟ್ಟೆ ಉರಿಯುತ್ತೆ ಅಷ್ಟೇ. ನಾನಂತೂ 27 ವರ್ಷದಲ್ಲಿ ಒಂದು ಡ್ರಾಯಿಂಗ್ ಪೀರಿಯಡ್ಡನ್ನೂ ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ನನ್ನ ಹತ್ತಿರ ಕಲಿತ ನಾಲ್ವರು ಇವತ್ತು ಬೇರೆ ಬೇರೆ ಊರಲ್ಲಿ ಚಿತ್ರಕಲೆ ಕಲಿಸುತ್ತಿದ್ದಾರೆ. ಆ ಹೆಮ್ಮೆ ನನಗಿದೆ.

ಇನ್ನೊಬ್ಬಳು ಹಳೆಯ ವಿದ್ಯಾರ್ಥಿನಿ ಡುಸೆಲ್ಡಾರ್ಫ್‌ನಲ್ಲಿದ್ದಾಳೆ. 2023ರಲ್ಲಿ ಹಟ ಮಾಡಿ ನನ್ನನ್ನ ಕರೆಸಿಕೊಂಡಳು. ಏನು ನೋಡ್ತೀರಿ ಸಾರ್ ಅಂದಳು, ಬೊಟ್ರೋಪ್ ಅಂದೆ. ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲಿನ ಗಣಿ ಇದ್ದಿದ್ದು ಆ ಊರಲ್ಲೇ, 2018ರ ಡಿಸೆಂಬರಿನಲ್ಲಿ ಅದೂ ಮುಚ್ಚಿತು. ಊರ ಪಾರ್ಕಿನೊಳಗೆ ಆಲ್ಬರ್ಸ್ ಹೆಸರಿನ ಮ್ಯೂಸಿಯಂ ಇದೆ. 62ನೇ ವಯಸ್ಸಿಗೆ ಅವರು ಚೌಕ ಶುರು ಮಾಡಿದರು. 1976ರಲ್ಲಿ ಸಾಯೋ ತನಕ ಬರೆದಿದ್ದು ಸಾವಿರಕ್ಕೂ ಜಾಸ್ತಿ, ಚೌಕದೊಳಗೆ ಚೌಕ, ಬಣ್ಣವನ್ನ ಟ್ಯೂಬಿನಿಂದ ನೇರ ತಗೊಂಡು ಚಾಕುವಿನಲ್ಲಿ ಸವರಿದ್ದು. ಮೇಷ್ಟ್ರು ಬೋರ್ಡಿನ ಮೇಲೆ ಸ್ಕೇಲ್ ಹಿಡಿದು ತೋರಿಸುತ್ತಿದ್ದ ಲೆಕ್ಕ ಅಲ್ಲಿ ಕಣ್ಣೆದುರಿಗಿತ್ತು: ಒಳಚೌಕದ ಕೆಳಗೆ ಒಂದು ಪಾಲು ಜಾಗ, ಎರಡು ಬದಿಗೆ ಎರಡೆರಡು ಪಾಲು, ಮೇಲೆ ಮೂರು ಪಾಲು. ಒಂದು ಹಳದಿ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನಿಂತಷ್ಟೂ ಒಳಗಿನ ಚೌಕ ಒಮ್ಮೆ ಮುಂದೆ ಬಂತು, ಒಮ್ಮೆ ಹಿಂದೆ ಸರಿಯಿತು. ಹೊರಗೆ ಬಂದು ಮೇಷ್ಟ್ರಿಗೆ ವಿಡಿಯೋ ಕಾಲ್ ಮಾಡಿ, ಕೊಂಡಿದ್ದ ಕಾರ್ಡು ತೋರಿಸಲು ಹೋದೆ. "ಫೋನಲ್ಲಿ ಬಣ್ಣ ಸುಳ್ಳು ಹೇಳುತ್ತೆ ಕಣಯ್ಯಾ. ನೀನು ಕಣ್ತುಂಬ ನೋಡು. ಬಂದು ಬಾಯಲ್ಲಿ ಹೇಳು" ಅಂದರು. ವಾಪಸ್ ಬಂದ ಮೇಲೆ ಅವರ ಮನೆ ಜಗಲಿಯಲ್ಲಿ ಕೂತು ಒಂದು ಇಡೀ ಮಧ್ಯಾಹ್ನ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

ಹನ್ನೊಂದನೇ ದಿನ ನಾವು ಒಂಬತ್ತು ಜನ ಅವರ ಮನೆಯಲ್ಲಿ ಸೇರಿದ್ದೆವು. ಊಟ ಆದ ಮೇಲೆ ಅಮ್ಮ ಒಳಗಿನಿಂದ ಮೇಷ್ಟ್ರ ಬಣ್ಣದ ಹಾಳೆಗಳ ಫೈಲ್ ತಂದು, ಒಂದೊಂದು ತಗೊಳ್ರಪ್ಪಾ ಅಂದರು. ಆಲ್ಬರ್ಸ್ ಪ್ರತಿ ಚಿತ್ರದ ಹಿಂದೆ ಯಾವ ಬಣ್ಣ, ಯಾವ ಕಂಪನಿಯದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಮೇಷ್ಟ್ರ ಹಾಳೆಗಳ ಹಿಂದೆಯೂ ಹಾಗೇ ಇತ್ತು: ಯಾವ ಅಂಗಡಿ, ಯಾವ ಜಾತ್ರೆ, ಯಾವ ಮರದ ಎಲೆ. ಮಧ್ಯದಲ್ಲೆಲ್ಲೋ ಅಂಗೈಯಗಲದ ಒಂದು ಕೆಂಪು ಸಿಕ್ಕಿತು. ಹಿಂದೆ ಒಣಗಿದ ಮೈದಾ ಅಂಟು ಪುಡಿಪುಡಿಯಾಗಿ ಉದುರುತ್ತಿತ್ತು, ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಅವರ ದುಂಡು ಅಕ್ಷರ. "ಟಾಕೀಸಿನ ಗೋಡೆ. ಮೂರು ಹುಡುಗರು ತಂದಿದ್ದು. ಒಳ್ಳೆಯ ಕೆಂಪು."