ಮೂರು ರಿಪೇರಿಗಳ ಹಿಂದೆ ಒಂದೇ ತಪ್ಪು ಫ್ಲೋಟ್

ಹಳೆಯ ಕಾರಿನಲ್ಲಿ ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ನಾನು ಮೀಟರ್ ಬಿಚ್ಚುವುದಿಲ್ಲ. ಎರಡಕ್ಕೂ ಕರೆಂಟ್ ಎಲ್ಲಿಂದ ಬರುತ್ತಿದೆ, ಅರ್ಥ್ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿಯಿದೆಯಾ ಅಂತ ಮೊದಲು ನೋಡುತ್ತೇನೆ. ಒಂದೇ ಮೀಟರ್ ತಪ್ಪಿದ್ದರೆ ಅದಕ್ಕೆ ಸುದ್ದಿ ಕಳಿಸುವ ಸೆಂಡರ್ ಕಡೆ ಹೋಗುತ್ತೇನೆ. ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ. ಕಷ್ಟ ಬರುವುದು ಒಂದು ತಪ್ಪನ್ನು ಮುಚ್ಚಲು ಇನ್ನೊಂದು ತಪ್ಪು ಮಾಡಿಟ್ಟ ಗಾಡಿಗಳಲ್ಲಿ. ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಬಂದ 1972ರ ಎಂಜಿಬಿ ಅಂಥದ್ದೇ ಗಾಡಿ.

ಎಂಜಿಬಿ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಮೀಟರ್‌ಗಳು ಸ್ಮಿತ್ಸ್ ಕಂಪನಿಯವು. ಮಾಲೀಕರು ವಯಸ್ಸಾದವರು, ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು. "ನೋಡಪ್ಪಾ, ಫುಲ್ ಟ್ಯಾಂಕ್ ಹಾಕಿಸಿದ್ರೆ ಮುಳ್ಳು ಕಾಲು ಭಾಗಕ್ಕೆ ನಿಲ್ಲುತ್ತೆ. ಓಡಿಸ್ತಾ ಹೋದ ಹಾಗೆ ಮೇಲಕ್ಕೆ ಏರುತ್ತೆ. ಟೆಂಪರೇಚರ್ ಯಾವಾಗ್ಲೂ ಜಾಸ್ತಿ. ಎರಡು ಕಡೆ ತೋರಿಸಿದೆ, ಸರಿಹೋಗಲಿಲ್ಲ" ಎಂದರು. ಬೆಳಿಗ್ಗೆ ಚೋಕ್ (ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಕೊಡುವ ಗುಬ್ಬಿ) ಎಳೆದರೆ ತುಂಬಾ ಹೊತ್ತು ಹಾಗೇ ಇಟ್ಟಿರಬೇಕು, ಮೈಲೇಜ್ ಕೂಡ ಬಿದ್ದಿದೆ ಅಂತಲೂ ಹೇಳಿದರು. ಕೊನೆಯ ಎರಡು ಮಾತಿಗೂ ಮೀಟರಿಗೂ ಸಂಬಂಧ ಇದೆ ಅಂತ ಅವರಿಗೆ ಅನಿಸಿರಲಿಲ್ಲ.

ಈ ಮೀಟರ್ ಕೆಲಸ ಮಾಡುವ ರೀತಿ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಒಳಗೆ ಎರಡು ಬೇರೆ ಲೋಹ ಸೇರಿಸಿ ಮಾಡಿದ ಒಂದು ಪಟ್ಟಿ ಇರುತ್ತದೆ. ಅದರ ಸುತ್ತ ತೆಳ್ಳನೆಯ ತಂತಿ. ಕರೆಂಟ್ ಹರಿದಾಗ ತಂತಿ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ನಿಧಾನಕ್ಕೆ ಏರುತ್ತದೆ. ಎಷ್ಟು ಕರೆಂಟ್ ಹರಿಯಬೇಕು ಅಂತ ಹೇಳುವುದು ಸೆಂಡರಿನ ರೆಸಿಸ್ಟೆನ್ಸ್. ಪೆಟ್ರೋಲ್ ಟ್ಯಾಂಕಿನೊಳಗೆ ತೇಲುತ್ತಾ ಏರಿಳಿದು ರೆಸಿಸ್ಟೆನ್ಸ್ ಬದಲಿಸುವ ಸೆಂಡರಿಗೆ ನಮ್ಮ ಕಡೆ ಟ್ಯಾಂಕ್ ಯೂನಿಟ್ ಅಥವಾ ಸುಮ್ನೆ ಫ್ಲೋಟ್ ಅಂತಾರೆ.

ಆದರೆ ಬ್ಯಾಟರಿ ವೋಲ್ಟೇಜ್ ಒಂದೇ ಸಮ ಇರುವುದಿಲ್ಲ ಅಲ್ವಾ? ಎಂಜಿನ್ ನಿಂತಾಗ 12, ಆಲ್ಟರ್ನೇಟರ್ ಓಡುವಾಗ 14ರ ಹತ್ತಿರ. ಅದರ ಜೊತೆ ಮುಳ್ಳೂ ಕುಣಿಯಬಾರದು ಅಂತ ನಡುವೆ ಒಂದು ವೋಲ್ಟೇಜ್ ಸ್ಟೆಬಿಲೈಜರ್ ಇಟ್ಟಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಒಳಗಿನ ಕಾಂಟ್ಯಾಕ್ಟ್ ಬಿಸಿಯಾಗಿ ಬಿಡುತ್ತದೆ, ತಣ್ಣಗಾಗಿ ಕೂಡುತ್ತದೆ. ಹೀಗೆ ಸರಾಸರಿ 10 ವೋಲ್ಟ್ ಕೊಡುತ್ತದೆ. ಡಿಜಿಟಲ್ ಮಲ್ಟಿಮೀಟರ್ ಹಿಡಿದರೆ ಅಂಕಿ ಸುಮ್ಮನೆ ಹಾರಾಡುತ್ತದೆ. ಅದನ್ನು ನೋಡಿ ಒಳ್ಳೆಯ ಸ್ಟೆಬಿಲೈಜರನ್ನು ಬಿಸಾಡಿದವರು ಇದ್ದಾರೆ. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಬಲ್ಬ್ ಮಿಣುಕಿದರೆ ಅದು ಜೀವಂತ ಇದೆ. ಅದರ ಡಬ್ಬಿಗೆ ಅರ್ಥ್ ಚೆನ್ನಾಗಿ ಸಿಗಬೇಕು. ಸಿಗದಿದ್ದರೆ ಒಳಗಿನ ತಂತಿ ಬಿಸಿಯಾಗುವುದಿಲ್ಲ, ಕಾಂಟ್ಯಾಕ್ಟ್ ಬಿಡುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ. ಆಗ ಎರಡೂ ಮುಳ್ಳು ಮೇಲೆ. ಒಂದು ತುಕ್ಕು ಹಿಡಿದ ಸ್ಕ್ರೂ ಸಾಕು ಇದಕ್ಕೆ.

ನಮ್ಮ ಹುಡುಗ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ನೋಡಿ, "ಅಣ್ಣಾ, ಲ್ಯಾಂಪ್ ಮಿಣುಕ್ತಾನೇ ಇಲ್ಲ, ಒಂದೇ ಸಮ ಉರೀತಿದೆ. ಹೊಸದು ತರಿಸೋಣ್ವಾ?" ಎಂದ. ತರಿಸುವ ಮೊದಲು ವೈರ್ ಹಿಡಿದು ಹೋಗು ಎಂದೆ. ಸ್ಟೆಬಿಲೈಜರ್ ಜಾಗದಲ್ಲೇ ಇತ್ತು, ಆದರೆ ಒಳಗೆ ಬರುವ ವೈರನ್ನೂ ಹೊರಗೆ ಹೋಗುವ ವೈರನ್ನೂ ಯಾರೋ ಒಂದು ತುಂಡು ವೈರಿನಿಂದ ಸೇರಿಸಿ, ಮೇಲೆ ಟೇಪ್ ಸುತ್ತಿದ್ದರು. ಅಂದರೆ ಬೈಪಾಸ್. ಇದು ತಾನಾಗಿ ಆದ ದೋಷವಲ್ಲ, ಯಾವುದೋ ಕಾರಣಕ್ಕೆ ಮಾಡಿದ ಕೆಲಸ. ಯಾಕೆ ಮಾಡಿದರು ಅಂತ ತಿಳಿಯದೆ ಅದನ್ನು ತೆಗೆದರೆ ಕಾಯಿಲೆ ಉಳಿದೇ ಉಳಿಯುತ್ತದೆ.

ಇಲ್ಲಿ ನನಗೆ ತುಂಬಾ ನೆಚ್ಚಿಕೆಯ ಸಾಧನ ಅಂದರೆ ಕೆಲವೇ ರೂಪಾಯಿಯ ರೆಸಿಸ್ಟರ್‌ಗಳು. ಸ್ಮಿತ್ಸ್‌ನ ಈ ಪೆಟ್ರೋಲ್ ಮೀಟರಿಗೆ ಟ್ಯಾಂಕ್ ಖಾಲಿ ಇದ್ದಾಗ ಸುಮಾರು 250ರಿಂದ 270 ಓಮ್ ರೆಸಿಸ್ಟೆನ್ಸ್ ಸಿಗಬೇಕು, ಅರ್ಧಕ್ಕೆ 70ರ ಆಸುಪಾಸು, ತುಂಬಿದಾಗ 20–30. ಟ್ಯಾಂಕಿಗೆ ಹೋಗುವ ಹಸಿರು-ಕಪ್ಪು ವೈರನ್ನು ಬಿಚ್ಚಿ, ಅದಕ್ಕೂ ಬಾಡಿ ಅರ್ಥಿಗೂ ನಡುವೆ, ಫ್ಲೋಟಿನ ಬದಲಿಗೆ, 270, 68, 22 ಓಮ್ ರೆಸಿಸ್ಟರ್ ಒಂದೊಂದಾಗಿ ಹಾಕಬೇಕು. ಕಾಲು ವ್ಯಾಟಿನದು ಬಿಸಿಯಾಗುತ್ತದೆ, 2 ವ್ಯಾಟಿನದು ಇಟ್ಟುಕೊಳ್ಳಿ. ಪ್ರತಿ ಸಲವೂ ಒಂದು ನಿಮಿಷ ಕಾಯಬೇಕು, ಈ ಮುಳ್ಳಿಗೆ ಅವಸರ ಗೊತ್ತಿಲ್ಲ. ಟ್ಯಾಂಕಿನ ಬಾಯಿ ತೆರೆದಿರುವಾಗ ಇದನ್ನು ಮಾಡಲೇಬಾರದು, ಒಂದು ಕಿಡಿ ಸಾಕು.

ಬೈಪಾಸ್ ತೆಗೆದು, ಸ್ಟೆಬಿಲೈಜರಿನ ಅರ್ಥ್ ಉಜ್ಜಿ ಕೂರಿಸಿದ ಮೇಲೆ ಲ್ಯಾಂಪ್ ಮಿಣುಕಿತು. ರೆಸಿಸ್ಟರ್ ಹಾಕಿದಾಗ ಮುಳ್ಳು ಖಾಲಿ, ಅರ್ಧ, ಫುಲ್ ಮೂರೂ ಕಡೆ ಸರಿಯಾಗಿ ನಿಂತಿತು. ಮೀಟರ್ ಒಳ್ಳೆಯದು, ವೈರ್ ಒಳ್ಳೆಯದು. ಹಾಗಾದರೆ ಫ್ಲೋಟ್.

ಹೊರಗೆ ತೆಗೆದು ನೋಡಿದರೆ ಮೂಲ ತಟ್ಟೆಗೆ ಬೇರೆ ಯಾವುದೋ ಗಾಡಿಯ ಫ್ಲೋಟನ್ನು ಬೆಸುಗೆ ಹಾಕಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಓಮ್ ಅಳೆದಾಗ ತೋಳು ಕೆಳಗಿದ್ದರೆ 10, ಮೇಲಿದ್ದರೆ 180. ಯುರೋಪಿನ ವಿಡಿಒ ಕಂಪನಿಯ ಮೀಟರ್‌ಗಳ ಲೆಕ್ಕ ಇದು, ಸ್ಮಿತ್ಸ್‌ಗೆ ಪೂರ್ತಿ ಉಲ್ಟಾ. ಅಮೆರಿಕದ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ ಖಾಲಿಗೆ 0, ಫುಲ್‌ಗೆ 90. ಅಲ್ಲಿಯದೇ ಮೀಟರ್ ಕಂಪನಿ ಸ್ಟುವರ್ಟ್ ವಾರ್ನರ್‌ದು 240ರಿಂದ 33. ನೋಡಲು ಎಲ್ಲವೂ ಒಂದು ತೋಳು, ಒಂದು ತೇಲುಬುರುಡೆ. ಕಣ್ಣಿಗೆ ಒಂದೇ ಥರ ಕಂಡರೂ ಮೀಟರಿಗೆ ಹೇಳುವ ಸುದ್ದಿ ಬೇರೆ ಬೇರೆ.

ಈಗ ಸರಪಳಿ ಬಿಡಿಸಿಕೊಂಡಿತು. ಮೂಲ ಫ್ಲೋಟ್ ಕೆಟ್ಟಾಗ ಯಾರೋ ಸಿಕ್ಕಿದ್ದನ್ನು ಹಾಕಿದರು. ಟ್ಯಾಂಕ್ ತುಂಬಿಸಿದಾಗ 180 ಓಮ್ ಸಿಕ್ಕಿ ಮುಳ್ಳು ಖಾಲಿಯಿಂದ ಸ್ವಲ್ಪವೇ ಮೇಲೆದ್ದಿತು. ಮುಳ್ಳಿಗೆ ಶಕ್ತಿ ಸಾಲದು ಅಂದುಕೊಂಡು ಸ್ಟೆಬಿಲೈಜರ್ ಬೈಪಾಸ್ ಮಾಡಿದರು. ಮುಳ್ಳು ಕಾಲು ಭಾಗಕ್ಕೆ ಬಂತು. ಆದರೆ ಅದೇ ಸ್ಟೆಬಿಲೈಜರಿನಿಂದ ಕರೆಂಟ್ ತೆಗೆದುಕೊಳ್ಳುವ ಟೆಂಪರೇಚರ್ ಮೀಟರಿಗೂ ಜಾಸ್ತಿ ವೋಲ್ಟೇಜ್ ಹೋಗಿ, ಅದರ ಮುಳ್ಳು ಬಿಸಿಯ ಕಡೆ ವಾಲಿತು.

ಅಲ್ಲಿಂದ ಮುಂದಿನದು ನನಗೆ ನಿಜವಾಗಿ ಬೇಸರ ತಂದ ಭಾಗ. ಚೋಕ್ ಮಾತು ನೆನಪಾಗಿ, ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಹೌಸಿಂಗ್ ಮೇಲೆ ಇನ್‌ಫ್ರಾರೆಡ್ ಗನ್ ಹಿಡಿದೆ. 60 ಡಿಗ್ರಿ ಚಿಲ್ಲರೆ. ಈ ಎಂಜಿನ್ನಿಗೆ ಸಾಮಾನ್ಯವಾಗಿ ಹಾಕುವುದು 82 ಡಿಗ್ರಿಯ ಥರ್ಮೋಸ್ಟಾಟ್. ಹೌಸಿಂಗ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಮೀಟರ್ ಬಿಸಿ ತೋರಿಸುತ್ತಿದೆ ಅಂತ ತೆಗೆದು ಹಾಕಿದ್ದಾರೆ. ಮುಳ್ಳು ಒಂದಿಷ್ಟು ಇಳಿದಿರಬೇಕು, ಕೆಲಸ ಆಯಿತು ಅಂದುಕೊಂಡಿರಬೇಕು. ಎಂಜಿನ್ ಮಾತ್ರ ಎಷ್ಟೋ ಸಮಯ ಅರೆಬಿಸಿಯಲ್ಲೇ ಓಡಿದೆ. ಅರೆಬಿಸಿ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಪೆಟ್ರೋಲ್ ಟ್ಯಾಂಕಿನ ಒಂದು ತಪ್ಪು ಪಾರ್ಟ್ ಎಂಜಿನ್ನಿನ ಆಯುಷ್ಯ ತಿನ್ನುವವರೆಗೆ ಬಂದಿತ್ತು.

ಟೆಂಪರೇಚರ್ ಸೆಂಡರನ್ನೂ ನಂಬಲಿಲ್ಲ. ತೆಗೆದು ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಟ್ಟು ಕಾಯಿಸಿದೆವು. ಬಿಸಿ ಏರಿದಂತೆ ಇದರ ಓಮ್ ಇಳಿಯಬೇಕು. ಮಧ್ಯೆ ಎಲ್ಲೂ ಹಾರದೆ ನಯವಾಗಿ ಇಳಿಯಿತು. ಬೆಂಗಳೂರಿನಲ್ಲಿ ಈ ಪರೀಕ್ಷೆ ಮಾಡುವವರು ಒಂದು ನೆನಪಿಡಿ. ನಮ್ಮ ಊರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕುದಿಯುವ ನೀರು ಅಂದರೆ 100 ಅಂತ ಲೆಕ್ಕ ಹಾಕಿದರೆ ಒಳ್ಳೆಯ ಸೆಂಡರ್ ಮೇಲೂ ಅನುಮಾನ ಬರುತ್ತದೆ. ಮತ್ತೆ ಕೂರಿಸುವಾಗ ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಈ ಸೆಂಡರಿಗೆ ಅರ್ಥ್ ಸಿಗುವುದೇ ಥ್ರೆಡ್ ಮೂಲಕ.

ಅರ್ಥ್ ಮಾತು ಬಂದಿದ್ದಕ್ಕೆ ಇನ್ನೊಂದು. ಟ್ಯಾಂಕಿನ ಅರ್ಥ್ ತುಕ್ಕು ಹಿಡಿದರೆ ರೆಸಿಸ್ಟೆನ್ಸ್ ಕೂಡುತ್ತದೆ. ಸ್ಮಿತ್ಸ್ ಮೀಟರ್ ಆಗ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ವಿಡಿಒ ಥರದ್ದಾದರೆ ಇರುವುದಕ್ಕಿಂತ ಜಾಸ್ತಿ. ಎರಡನೆಯದು ಅಪಾಯ, ಪೆಟ್ರೋಲ್ ಇದೆ ಅಂದುಕೊಂಡು ರಾತ್ರಿ ಘಾಟಿಯಲ್ಲಿ ನಿಲ್ಲಬೇಕಾದೀತು.

ಮಾಲೀಕರ ಮುಂದೆ ಎರಡು ದಾರಿ ಇಟ್ಟೆ. ಇರುವ ಫ್ಲೋಟಿಗೆ ಹೊಂದುವ ಹೊಸ ಮೀಟರ್ ಹಾಕುವುದು, ಅಥವಾ ಇರುವ ಮೀಟರಿಗೆ ಹೊಂದುವ ಫ್ಲೋಟ್ ಇಂಗ್ಲೆಂಡಿನಿಂದ ತರಿಸುವುದು. ಮೊದಲನೆಯದು ಬೇಗ ಆಗುತ್ತದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಮೀಟರ್ ಮಾತ್ರ ಬೇರೆ ಮುಖದ್ದಾಗುತ್ತದೆ, ಮುಂದೆ ಈ ಗಾಡಿಗೆ ಕೈ ಹಾಕುವವರಿಗೆ ಮತ್ತೆ ಗೊಂದಲ. "ತಡ ಆದ್ರೂ ಪರವಾಗಿಲ್ಲ, ಅದರದೇ ಹಾಕು" ಎಂದರು. ನನಗೂ ಅದೇ ಇಷ್ಟವಿತ್ತು.

ಹೊಸ ಫ್ಲೋಟ್ ಬಂದಾಗ ಟ್ಯಾಂಕಿಗೆ ಹಾಕುವ ಮೊದಲೇ ಮೇಜಿನ ಮೇಲೆ ವೈರಿಗೆ ಜೋಡಿಸಿ, ತೋಳನ್ನು ಕೈಯಲ್ಲೇ ಎತ್ತಿ ಇಳಿಸಿ ನೋಡಿದೆವು. ಹೊಸ ಪಾರ್ಟ್ ಅಂತ ಕಣ್ಣು ಮುಚ್ಚಿ ಹಾಕುವಂತಿಲ್ಲ. ಫುಲ್ ಕಡೆ ಮುಳ್ಳು ಸ್ವಲ್ಪ ಹಿಂದೆ ನಿಲ್ಲುತ್ತಿತ್ತು, ತೋಳನ್ನು ತುಸು ಬಗ್ಗಿಸಿ ಸರಿಮಾಡಿದೆವು. ಆಮೇಲೆ ಖಾಲಿ ಟ್ಯಾಂಕಿಗೆ 5 ಲೀಟರಿನ ಲೆಕ್ಕದಲ್ಲಿ ಪೆಟ್ರೋಲ್ ಹಾಕುತ್ತಾ, ಪ್ರತಿ ಸಲ ಬಾಯಿ ಮುಚ್ಚಿ, ಇಗ್ನಿಷನ್ ಹಾಕಿ, ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಂಡೆವು. ಆ ಚೀಟಿ ಈಗ ಗಾಡಿಯ ಗ್ಲೋವ್ ಬಾಕ್ಸಿನಲ್ಲಿದೆ. ಅದರ ಹಿಂದೆ ಫ್ಲೋಟಿನ ಮೂರು ಓಮ್ ಅಂಕಿ, ಥರ್ಮೋಸ್ಟಾಟ್ 82 ಅಂತ, ಸ್ಟೆಬಿಲೈಜರ್ ಹಳೆಯದೇ ಇದೆ ಅಂತ ಬರೆದಿದ್ದೇನೆ.

ಮುಂದಿನ ವಾರ ಅದೇ ಗಾಡಿ ಮತ್ತೆ ಬರುತ್ತಿದೆ. ಸ್ಪೀಡೋಮೀಟರ್ 60 ಮೈಲಿ ವೇಗಕ್ಕೆ 47 ತೋರಿಸುತ್ತಿದೆಯಂತೆ. ಅದರ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ 1280 ಅಂತ ಇರುವುದನ್ನು ಆಗಲೇ ನೋಡಿಟ್ಟಿದ್ದೇನೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಅಂಕಿ ಅದು. ಈ ಗಿಯರ್‌ಬಾಕ್ಸಿನ ಕೇಬಲ್ 1000ದ ಹತ್ತಿರ ತಿರುಗುತ್ತಿದ್ದರೆ ಲೆಕ್ಕ ಸರಿಯಾಗಿ 47ಕ್ಕೇ ಬರುತ್ತದೆ. ಗಾಡಿ ಬಂದ ಕೂಡಲೇ ಕೇಬಲ್ ಬಿಚ್ಚಿ, ಚಕ್ರ ಕೈಯಲ್ಲಿ ತಿರುಗಿಸಿ ಸುತ್ತು ಎಣಿಸುತ್ತೇವೆ. ಅಲ್ಲಿಯವರೆಗೆ ಯಾವ ಪಾರ್ಟೂ ಆರ್ಡರ್ ಮಾಡುವುದಿಲ್ಲ.