ಆ್ಯಂಟ್ರಿಮ್ ಕಡಲಲ್ಲಿ ಮಲ್ಪೆಯ ಕಲ್ಲು

ಉತ್ತರ ಐರ್ಲೆಂಡಿನ ಕಡಲಂಚಿನ ಟಾರ್ ಹೆಡ್‌ಗೆ ಹೋಗುವ ಏರುರಸ್ತೆಯಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂದಾಗ ಹಿಂದಿನ ಸೀಟಿನಿಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಈಗ ಯಾರ್ ಹಿಂದೆ ಹೋಯ್ಕ್?"

ನಾನೇ ಹೋಗಬೇಕಿತ್ತು. ಒಂದು ಪಕ್ಕ ಕಲ್ಲಿನ ಬೇಲಿ, ಇನ್ನೊಂದು ಪಕ್ಕ ಹುಲ್ಲಿನ ಇಳಿಜಾರು, ಅದರ ಬುಡದಲ್ಲಿ ಸಮುದ್ರ. ರಸ್ತೆಯ ಅಗಲ ನಮ್ಮೂರ ತೋಟದ ದಾರಿಯಷ್ಟೇ. ಬೆವರುತ್ತಾ ಹಿಮ್ಮುಖವಾಗಿ ಇಳಿದು ಒಂದು ಗೇಟಿನ ಬಾಯಿಗೆ ಕಾರು ತೂರಿಸಿದೆ. ಟ್ರ್ಯಾಕ್ಟರಿನ ಅಜ್ಜ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತಿ ಹೋದರು. ಈ ಕಡೆಯ ಹಳ್ಳಿಗರ ಥ್ಯಾಂಕ್ಸು, ನಮಸ್ಕಾರ ಎಲ್ಲ ಆ ಒಂದು ಬೆರಳಿನಲ್ಲೇ ಮುಗಿಯುತ್ತದೆ.

ಬೆಲ್‌ಫಾಸ್ಟ್‌ನಿಂದ ಬೆಳಿಗ್ಗೆ ಏಳೂವರೆಗೆ ಹೊರಟಿದ್ದೆವು. ನಾನು, ಹೆಂಡತಿ, ಎಂಟು ವರ್ಷದ ಮಗಳು, ಕುಂದಾಪುರದಿಂದ ಮೂರು ತಿಂಗಳಿಗೆಂದು ಬಂದಿರುವ ಅಮ್ಮ. ಡಿಕ್ಕಿಯಲ್ಲಿ ಚಪಾತಿ, ಎರಡು ಡಬ್ಬ ಮೊಸರನ್ನ, ಊರಿಂದ ಬಂದ ಮಿಡಿ ಉಪ್ಪಿನಕಾಯಿ. ಜೂನ್ ಕೊನೆಯ ವಾರವಾದ್ದರಿಂದ ರಾತ್ರಿ ಹತ್ತರವರೆಗೂ ಬೆಳಕು. ಅವಸರವೇನೂ ಇರಲಿಲ್ಲ.

ಲಾರ್ನ್ ದಾಟಿದ ಮೇಲೆ ರಸ್ತೆ ಕಡಲಿಗೆ ಒರಗಿಕೊಂಡೇ ಓಡುತ್ತದೆ. 1830ರ ದಶಕದಲ್ಲಿ ವಿಲಿಯಂ ಬಾಲ್ಡ್ ಎಂಬ ಎಂಜಿನಿಯರು ಬಂಡೆ ಸಿಡಿಸಿ, ಉರುಳಿದ ಕಲ್ಲನ್ನೇ ತಳಪಾಯ ಮಾಡಿ ಹಾಕಿಸಿದ ದಾರಿ ಇದು. ಅದಕ್ಕೆ ಮುಂಚೆ ಇಲ್ಲಿನ ಕಣಿವೆಯ ಜನಕ್ಕೆ ಬೆಲ್‌ಫಾಸ್ಟ್‌ಗಿಂತ ದೋಣಿಯಲ್ಲಿ ಸ್ಕಾಟ್ಲೆಂಡೇ ಸಲೀಸಂತೆ. ಟಾರ್ ಹೆಡ್‌ನಲ್ಲಿ ನಿಂತಾಗ ಅದು ನಂಬುವಂತಾಯಿತು. ಇಪ್ಪತ್ತು ಕಿಲೋಮೀಟರು ಆಚೆ ಸ್ಕಾಟ್ಲೆಂಡಿನ ಕಿಂಟೈರ್ ಗುಡ್ಡಗಳು ಕಣ್ಣಿಗೇ ಕಾಣುತ್ತಿದ್ದವು. ದಾರಿಯುದ್ದಕ್ಕೂ ಬಂಡೆಗಳು ಕೆಳಗೆ ಸುಣ್ಣದ ಬಿಳಿ, ಮೇಲೆ ಬಸಾಲ್ಟಿನ ಕಪ್ಪು. ಗೋಡೆಗೆ ಅರ್ಧ ಸುಣ್ಣ ಬಳಿದು ಆಳು ಊಟಕ್ಕೆ ಹೋದ ಹಾಗೆ.

ಬ್ಯಾಲಿಕ್ಯಾಸಲ್‌ನಲ್ಲಿ ಕಾರು ನಿಲ್ಲಿಸಿದ್ದು ಮಗಳಿಗೆ 'ಯೆಲ್ಲೋಮ್ಯಾನ್' ಕೊಡಿಸಲು. ಸುತ್ತಿಗೆಯಲ್ಲಿ ಒಡೆದು ಮಾರುವ ಹಳದಿ ಮಿಠಾಯಿ ಅದು, ಒಳಗೆಲ್ಲ ಜೇನುಗೂಡಿನಂಥ ತೂತು. ಪಕ್ಕದಲ್ಲೇ ಕಡುನೇರಳೆ ಬಣ್ಣದ ಒಣಗಿದ ಎಲೆಯಂಥದ್ದರ ಪೊಟ್ಟಣ ಇತ್ತು. 'ಡಲ್ಸ್', ಸಮುದ್ರದ ಪಾಚಿ. ಬಂಡೆಯಿಂದ ಕಿತ್ತು ಒಣಗಿಸಿ ಹಾಗೇ ಜಗಿಯುತ್ತಾರೆ. ಅಮ್ಮ ಪೊಟ್ಟಣ ಮೂಸಿ, "ಒಣಮೀನ್ ಮಾರ್ಕೆಟ್ ವಾಸನೆ" ಎಂದು ಮುಖ ಅರಳಿಸಿದರು. ಮೈಸೂರಿನ ನನ್ನ ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಒಂದು ಪೊಟ್ಟಣ ಕೊಂಡೆವು.

ಕ್ಯಾರಿಕ್-ಎ-ರೀಡ್ ತೂಗುಸೇತುವೆಗೆ ಟಿಕೆಟ್ ಮೊದಲೇ ಮಾಡಿಸಿದ್ದೆ. ಗಾಳಿ ಜೋರೆಂದು ಮುಚ್ಚಿಬಿಟ್ಟಿದ್ದರು. 1755ರಲ್ಲಿ ಸಾಲ್ಮನ್ ಹಿಡಿಯುವವರು ಮೊದಲು ಕಟ್ಟಿಕೊಂಡಿದ್ದ ಸೇತುವೆ. ಈಗಿನದು ಇಪ್ಪತ್ತು ಮೀಟರ್ ಉದ್ದ, ಕೆಳಗೆ ಮೂವತ್ತು ಮೀಟರ್ ಆಳದಲ್ಲಿ ನೀರು. ಮಗಳು ಅತ್ತಳು. ನನಗೆ ಒಳಗೊಳಗೇ ನಿರಾಳ.

ಕೊನೆಗೆ ಜೈಂಟ್ಸ್ ಕಾಸ್‌ವೇ. ಇಡೀ ಪ್ರವಾಸದ ನೆಪವೇ ಅದು. 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಸುಮಾರು 40,000 ಕಲ್ಲಿನ ಕಂಬಗಳಿವೆ ಎಂದೆಲ್ಲ ಹಿಂದಿನ ರಾತ್ರಿಯೇ ಅಮ್ಮನಿಗೆ ಭಾಷಣ ಬಿಗಿದಿದ್ದೆ. ಮಗಳಿಗಂತೂ ಐರ್ಲೆಂಡಿನ ದೈತ್ಯ ಫಿನ್ ಮ್ಯಾಕೂಲ್ ಕಥೆ ಬಾಯಿಪಾಠ: ಸ್ಕಾಟ್ಲೆಂಡಿನ ದೈತ್ಯನ ಜೊತೆ ಜಗಳಕ್ಕೆಂದು ಫಿನ್ ಸಮುದ್ರಕ್ಕೇ ದಾರಿ ಕಟ್ಟುತ್ತಾನೆ. ಎದುರಾಳಿಯ ಗಾತ್ರ ಕಂಡು ಹೆದರಿ ಮನೆಗೆ ಓಡಿ ಬಂದಾಗ ಹೆಂಡತಿ ಅವನಿಗೆ ಮಗುವಿನ ವೇಷ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಾಳೆ. ಮಗುವೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಡ ಎಂದು ಆ ದೈತ್ಯ ದಾರಿ ಕಿತ್ತುಹಾಕುತ್ತಾ ಓಡುತ್ತಾನೆ. "ಹೆಂಡ್ತಿ ಹುಷಾರು" ಎಂದರು ಅಮ್ಮ.

ಕಾರು ನಿಲ್ಲಿಸಿ, ಕಲ್ಲುಗಳವರೆಗೆ ಒಯ್ಯುವ ಬಸ್ಸಿಳಿದು ಆರು ಮೂಲೆಯ ಕಲ್ಲುಗಳ ಮೇಲೆ ಕಾಲಿಟ್ಟೆವು. ಕೆಲವಕ್ಕೆ ಐದು, ಕೆಲವಕ್ಕೆ ಏಳು ಮೂಲೆ. ತಲೆ ಕೊಂಚ ತಗ್ಗಾದ ಕಲ್ಲುಗಳಲ್ಲಿ ಉಪ್ಪುನೀರು ನಿಂತು ಬಟ್ಟಲಿನಂತೆ ಹೊಳೆಯುತ್ತಿತ್ತು. ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು, ಸ್ವೆಟರಿನ ತೋಳು ಮಡಿಸಿ, ಒಂದು ಕಂಬವನ್ನು ಅಂಗೈಯಲ್ಲಿ ತಟ್ಟಿದರು.

"ಇದ್ ಮಲ್ಪೆ ದ್ವೀಪದ್ ಕಲ್ಲೇ ಅಲ್ದಾ ಮಗಾ?"

ಅಲ್ಲ ಎಂದು ಬಾಯಿ ತೆರೆದವನು ಮುಚ್ಚಿದೆ. ಸೇಂಟ್ ಮೇರಿಸ್ ದ್ವೀಪ! ಕಾಲೇಜು ದಿನಗಳಲ್ಲಿ ಮಲ್ಪೆಯಿಂದ ಬೋಟಿನಲ್ಲಿ ಹೋಗಿ ಅದೇ ಕಂಬಗಳ ಮೇಲೆ ಬಟ್ಟೆ ಒಣಹಾಕಿ ಈಜಿದ್ದೇನೆ. ಅವು ಏನು, ಯಾಕೆ ಹಾಗಿವೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅಲ್ಲೇ ಕೂತು ಫೋನಿನಲ್ಲಿ ಓದಿದೆ. ಎರಡೂ ಕಡೆ ಲಾವಾ ತಣಿದು ಕುಗ್ಗುವಾಗ, ಬೇಸಿಗೆಯ ಕೆರೆಯ ಕೆಸರು ಬಿರಿಯುವಂತೆ, ಬಿರುಕು ಬಿಟ್ಟು ಆದ ಕಂಬಗಳೇ. ಇಲ್ಲಿನವಕ್ಕೆ ಸುಮಾರು ಆರು ಕೋಟಿ ವರ್ಷ. ಮಲ್ಪೆಯವು ಬೇರೆ ಜಾತಿಯ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಎಂಟೂಮುಕ್ಕಾಲು ಕೋಟಿ ವರ್ಷದ ಆಸುಪಾಸು. ಅದನ್ನು ಹೇಳಿದಾಗ ಅಮ್ಮ, "ಹಾಂಗಾರೆ ನಮ್ದೇ ದೊಡ್ದು" ಎಂದು ಅಣ್ಣ-ತಮ್ಮಂದಿರ ಲೆಕ್ಕ ಮುಗಿಸಿದರು. ಇಲ್ಲಿಗೆ ಬರಲು ನಾನು ರಜೆ ಹಾಕಿದ್ದೆ, ಪಾರ್ಕಿಂಗಿಗೆ ದುಡ್ಡು ತೆತ್ತಿದ್ದೆ.

ಸಂದಿಗಳಲ್ಲಿ ತುಕ್ಕು ಹಿಡಿದ ನಾಣ್ಯಗಳು ಕಂಡವು. ಬಂದವರು ಹರಕೆಯೋ ಹುಡುಗಾಟವೋ ಎಂದು ತುರುಕಿ ಹೋದವು. ನಾಣ್ಯ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಸುತ್ತ ಕಂದು ಕಲೆ ಇಳಿದಿತ್ತು. ತುರುಕಬೇಡಿ ಎಂದು ಸ್ಥಳ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ನವರು ಕೇಳಿಕೊಳ್ಳುತ್ತಲೇ ಇದ್ದಾರೆ. ತಿರುಗಿ ನೋಡಿದರೆ ಅಮ್ಮನ ಕೈಯಲ್ಲಿ ಒಂದು ರೂಪಾಯಿ. ಹೊಳೆ ದಾಟುವಾಗ ಬಸ್ಸಿನ ಕಿಟಕಿಯಿಂದ ನಾಣ್ಯ ಎಸೆಯುವ ಕೈ ಅದು. "ಅಜ್ಜಿ, ನೋ!" ಎಂದು ಮಗಳು ಕಿರುಚಿದಳು. ಅಮ್ಮ ನಾಣ್ಯವನ್ನು ಅವಳ ಜೇಬಿಗೇ ಹಾಕಿದರು.

ರಾತ್ರಿ ಒಂಬತ್ತಕ್ಕೆ ಡನ್‌ಲೂಸ್ ಕೋಟೆಯ ಎದುರು ಕಾರಿನಲ್ಲೇ ಊಟ. ಬಂಡೆಯ ತುದಿಯ ಪಾಳು ಕೋಟೆ, ಇನ್ನೂ ಮುಳುಗದ ಸೂರ್ಯ. 1639ರ ಒಂದು ಬಿರುಗಾಳಿಗೆ ಇದರ ಅಡುಗೆಮನೆ ಅಡುಗೆಯವರ ಸಮೇತ ಸಮುದ್ರಕ್ಕೆ ಬಿತ್ತೆಂದು ಕಥೆ. ಹೇಳಿದೆ. ಅಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಡಲ್ಸ್ ಪೊಟ್ಟಣ ಬಿಚ್ಚಿ, ಒಂದು ಚೂರು ಮುರಿದು ಮೊಸರನ್ನದ ಮೇಲೆ ಇಟ್ಟುಕೊಂಡು ಬಾಯಿಗೆ ಹಾಕಿದರು. ಮತ್ತೊಂದು ಚೂರು. ಆಮೇಲೆ ಉಪ್ಪಿನಕಾಯಿ ಡಬ್ಬ ನನ್ನ ಕಡೆ ತಳ್ಳಿದರು.

"ಗಂಜಿಗೆ ಲಾಯ್ಕ್ ಆತಿತ್ತ್. ಇನ್ನೊಂದ್ ಪ್ಯಾಕೆಟ್ ತಕಣ್ಕಿತ್ತ್."