ಸಿಂಹಗಡದ ದಾರಿಯಲ್ಲಿ ಸುಟ್ಟ ಗುಡ್ಡ, ಗಟ್ಟಿ ಬೀಜ

ಮೇ ತಿಂಗಳಲ್ಲಿ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತುತ್ತೇನೆ ಅಂದಾಗ ಅಕ್ಕ ನಕ್ಕಳು. "ಧಾರವಾಡದಿಂದ ಬಂದದ್ದು ಮಾವಿನಹಣ್ಣು ತಿನ್ನಾಕೋ, ಬಿಸಿಲು ತಿನ್ನಾಕೋ?"

ಆದರೂ ಬೆಳಗ್ಗೆ ಐದಕ್ಕೆ ಕೋಥ್ರೂಡಿನಿಂದ ಹೊರಟೆವು. ನಾನು, ಭಾವ, ಅಕ್ಕನ ಹತ್ತು ವರ್ಷದ ಮಗಳು. ಖಡಕ್‌ವಾಸ್ಲಾ ಹತ್ತಿರ ಭಾವನ ವಾಕಿಂಗ್ ಗೆಳೆಯರೊಬ್ಬರು ಕಾರು ಹತ್ತಿದರು. ವಿಜಯಪುರದವರು, ಪುಣೆಯಲ್ಲೇ ಬಾಟನಿ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಅವರು 'ಸರ್'.

ಗಡದ ಎತ್ತರ ಸುಮಾರು 1,300 ಮೀಟರ್. ಆತಕರ್‌ವಾಡಿಯಿಂದ ಕಾಲುದಾರಿ. ಪುಣೆಯವರು ಇದನ್ನು ವಾರಕ್ಕೊಮ್ಮೆ ಆಟದಂತೆ ಹತ್ತುತ್ತಾರೆ. ನನಗೆ ಹದಿನೈದೇ ನಿಮಿಷಕ್ಕೆ ಏದುಸಿರು. ನೆಪ ಹುಡುಕುತ್ತಿದ್ದೆ, ಸಿಕ್ಕಿತು. ದಾರಿಯ ಎಡಕ್ಕೆ ಇಳಿಜಾರು ಪೂರ್ತಿ ಕಪ್ಪಾಗಿತ್ತು. ಹುಲ್ಲಿನ ಬುಡ ಕರಕಲಾಗಿ ನಿಂತಿತ್ತು. ಇಲ್ಲಿಯವರು ಇದಕ್ಕೆ 'ವಣವಾ' ಅನ್ನುತ್ತಾರೆ. ಕಾಡ್ಗಿಚ್ಚು ಅಂದರೆ ತಾನಾಗಿ ಹತ್ತುವುದು ಅಂದುಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ಹೆಚ್ಚಿನದನ್ನು ಹಚ್ಚುವುದು ಮನುಷ್ಯರೇ. ಸುಟ್ಟರೆ ಮಳೆಗೆ ಹುಲ್ಲು ಚೆನ್ನಾಗಿ ಬರುತ್ತದೆ ಅನ್ನೋ ನಂಬಿಕೆ.

"ಮಾಮಾ, ಇಲ್ಲಿ ಎಲ್ಲಾ ಸತ್ತೈತೇನು?" ಹುಡುಗಿ ಕೇಳಿದಳು.

"ಹುರಿದ ಬೀಜ ಮೊಳೀತೈತೇನವ್ವಾ?" ಅಂದೆ, ನಮ್ಮವ್ವ ಹೇಳುತ್ತಿದ್ದ ಹಾಗೆ.

ಸರ್ ಉತ್ತರ ಕೊಡಲಿಲ್ಲ. ಸ್ವಲ್ಪ ಮೇಲೆ ಒಂದು ಕಕ್ಕೆ ಮರ ಹಳದಿ ಹೂ ಸುರಿಸುತ್ತ ನಿಂತಿತ್ತು. ಮರಾಠಿಯವರ ಬಹಾವಾ. ಹೋದ ವರ್ಷದ ಕೋಲಿನಂಥ ಕಪ್ಪು ಕಾಯಿಗಳೂ ನೇತಾಡುತ್ತಿದ್ದವು. ಕೆಳಗೆ ಬಿದ್ದ ಒಂದನ್ನು ಸರ್ ಕಲ್ಲಿಗೆ ಕುಟ್ಟಿ ಒಡೆದರು. ಒಳಗೆ ನಾಣ್ಯ ಜೋಡಿಸಿದ ಹಾಗೆ ಅಡ್ಡಗೋಡೆ, ನಡುವೆ ಅಂಟು ತಿರುಳು, ಹೊಳೆಯುವ ಚಪ್ಪಟೆ ಬೀಜ.

"ಇದನ್ನ ಸುಮ್ನೆ ನೀರಾಗ ಹಾಕ್ರಿ. ವಾರ ಬಿಟ್ಟರೂ ಕಲ್ಲೇ," ಅಂದರು.

ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲವಂತೆ. ಗುಲಗಂಜಿ, ತಗಚೆ, ಜಾಲಿ ಬೀಜ ಎಲ್ಲವೂ ಇದೇ ಥರ. ಇಂಥ ಬೀಜಗಳಲ್ಲಿ ಹಲವಕ್ಕೆ ಸಿಪ್ಪೆಯ ಒಂದು ಕಡೆ ಚಿಕ್ಕ ದುರ್ಬಲ ಜಾಗ ಇರುತ್ತದೆ. ಬಿಸಿಗೆ ಅದು ಬಿರಿದರೆ ನೀರು ನುಗ್ಗುತ್ತದೆ. 80ರಿಂದ 100 ಡಿಗ್ರಿ ಬಿಸಿಯನ್ನು ಕೆಲವು ನಿಮಿಷ ತಡೆಯುವ ಒಣ ಬೀಜಗಳು ಬೇಕಾದಷ್ಟಿವೆ. ಇನ್ನೂ ಏರಿದರೆ ಅಥವಾ ಜಾಸ್ತಿ ಹೊತ್ತು ನಿಂತರೆ ಒಳಗಿನ ಜೀವವೇ ಬೇಯುತ್ತದೆ. ಮಣ್ಣು ಒಳ್ಳೆಯ ಕಂಬಳಿ. ಹುಲ್ಲಿನ ಬೆಂಕಿ ಸರಸರ ಓಡಿಹೋಗುತ್ತದೆ, ಮೇಲೆ ಬಿದ್ದ ಬೀಜ ಕರಕಲಾದರೂ ಎರಡು ಬೆರಳು ಆಳದಲ್ಲಿರುವುದು ಬದುಕುತ್ತದೆ. ಬೆಂಕಿ ಇಲ್ಲದೆಯೂ ಆಗುತ್ತದೆ: ಬೇಸಿಗೆಯ ಬರಿ ನೆಲ ಮಧ್ಯಾಹ್ನ 60 ಡಿಗ್ರಿ ದಾಟಬಹುದು. ದಿನವೂ ಕಾದು, ರಾತ್ರಿ ತಣಿದು, ಸಿಪ್ಪೆ ಸಡಿಲವಾಗುತ್ತದೆ.

ಹೊಗೆಯದ್ದೂ ಒಂದು ಕಥೆ. ಹೊಗೆಯಲ್ಲಿ ಬೀಜ ಎಬ್ಬಿಸುವ ವಸ್ತುವನ್ನು 2004ರಲ್ಲಿ ಆಸ್ಟ್ರೇಲಿಯಾದವರು ಗುರುತಿಸಿದರು. ಅಲ್ಲಿನ ನೂಂಗಾರ್ ಭಾಷೆಯಲ್ಲಿ ಹೊಗೆಗಿರುವ ಪದದಿಂದಲೇ ಅದಕ್ಕೆ ಕ್ಯಾರಿಕಿನ್ ಎಂಬ ಹೆಸರು.

"ಅಂದ್ರ ಸುಡೋದು ಒಳ್ಳೇದು ಅಂದಂಗಾತು," ಭಾವ ಅಂದ.

"ಇಲ್ರೀ," ಸರ್ ನಿಂತುಬಿಟ್ಟರು. "ಈ ಸಸಿ ನೋಡ್ರಿ." ಮೊಣಕಾಲೆತ್ತರದ ಒಂದು ಗಿಡ, ಯಾವುದೆಂದು ಗುರುತೇ ಸಿಗದಷ್ಟು ಸುಟ್ಟಿತ್ತು. ನೇರಳೆ, ಹಲಸಿನಂಥ ಹಸಿ ಬೀಜಗಳು ಒಣಗಿದರೇ ಸಾಯುತ್ತವೆ, ಬೆಂಕಿ ದೂರದ ಮಾತು. ವರ್ಷವೂ ಸುಟ್ಟರೆ ಬೆಂಕಿ ತಡೆಯುವ ಜಾತಿಗಳಷ್ಟೇ ಉಳಿಯುತ್ತವೆ. ಅಷ್ಟು ಹೇಳಿ ಅವರು ಮುಂದೆ ನಡೆದರು.

ಗಡದ ಮೇಲೆ ಝುಣಕಾ, ಭಾಕ್ರಿ, ಮಡಿಕೆ ಮೊಸರು. ಝುಣಕಾ ನಮ್ಮ ಕಡೆಯದೇ ರುಚಿ, ಅದರ ಬಗ್ಗೆ ಜಗಳ ಬೇಡ. ಶಿವಾಜಿಯ ಸೇನಾನಿ ತಾನಾಜಿಯ ಸಮಾಧಿಗೆ ಕೈಮುಗಿದು ಇಳಿದೆವು.

ಮನೆಯಲ್ಲಿ ಹುಡುಗಿ ನಾಲ್ಕು ಬಟ್ಟಲಿಟ್ಟಳು. ಒಂದರಲ್ಲಿ ತಣ್ಣೀರು. ಒಂದರಲ್ಲಿ ಕುದಿನೀರು ಸುರಿದು ಆರಲು ಬಿಟ್ಟದ್ದು. ಇನ್ನೊಂದರಲ್ಲಿ ನೇಲ್ ಕಟರಿನಿಂದ ಅಂಚು ಕತ್ತರಿಸಿದ ಬೀಜ. ನಾಲ್ಕನೆಯದನ್ನು ಯಾರಿಗೂ ಹೇಳದೆ ಒಲೆಯ ಮೇಲೆ ಹತ್ತು ನಿಮಿಷ ಕುದಿಸಿದ್ದಳು. ಬೆಳಗ್ಗೆ ತಣ್ಣೀರಿನವು ಹಾಗೇ ಇದ್ದವು. ಕುದಿನೀರಿನಲ್ಲಿ ಕೆಲವು ಊದಿದ್ದವು, ಕತ್ತರಿಸಿದವು ಬಹುತೇಕ ಎಲ್ಲವೂ. ಒಲೆಯ ಮೇಲಿನವು ಎಲ್ಲಕ್ಕಿಂತ ದಪ್ಪ. "ನಂದೇ ಫಸ್ಟ್!" ಅಂತ ಕುಣಿದಳು. ಫೋನಿನಲ್ಲಿ ಸರ್, "ಊದೋದು ಬೇರೆ, ಮೊಳೆಯೋದು ಬೇರೆ. ತಡಿಯವ್ವಾ," ಅಂದರು.

ನಾನು ಧಾರವಾಡದ ರೈಲು ಹತ್ತುವ ದಿನ, ಕತ್ತರಿಸಿದ ಬೀಜವೊಂದು ಬಿಳಿ ಬೇರು ಚಾಚಿತ್ತು. ಬೇಯಿಸಿದವು ವಾಸನೆ ಬಂದವೆಂದು ಅಕ್ಕ ಆಗಲೇ ಕರಿಬೇವಿನ ಕುಂಡಕ್ಕೆ ಸುರಿದಿದ್ದಳು.